ಕೌದಿಯ ಮೇಲೆ ಕೂತ ಲ್ಯಾಪ್‌ಟಾಪ್

ಶನಿವಾರ ಮಧ್ಯಾಹ್ನ ಊಟದ ತಾಟು ತೊಳೆದಿಟ್ಟ ಮೇಲೆ ನಾನು ಹಾಲ್‌ನ ಸೋಫಾ ಝಾಡಿಸುತ್ತೇನೆ. ಅದರ ಮೇಲೆ ಯಾರೂ ಬಂದು ಕೂಡುವುದಿಲ್ಲ. ಬರುವವರೆಲ್ಲ ಎದುರಿನ ಟಿವಿಯೊಳಗೇ ಬರುತ್ತಾರೆ. ಆದರೂ ಮಂದಿ ಬರುವ ಹೊತ್ತಿಗೆ ಧೂಳು ಕಂಡರೆ ನನಗೆ ಸಮಾಧಾನವಿರುವುದಿಲ್ಲ.

ನಮ್ಮ ಮನೆ ನಿಪ್ಪಾಣಿಯಲ್ಲಿ, ತಂಬಾಕಿನ ವಖಾರಿಯ ಮೇಲೆ. ಕೆಳಗೆ ಚೀಲಗಳು, ಮೇಲೆ ನಾವಿಬ್ಬರು. ನಮ್ಮ ಯಜಮಾನರು ಬೆಳಿಗ್ಗೆ ಹಳ್ಳಿಗಳ ಮೇಲೆ ತಂಬಾಕು ನೋಡಲು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಓಣಿಯ ಮಾತು ಮರಾಠಿ. ನನ್ನ ತವರು ಅಥಣಿ ಕಡೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಮರಾಠಿ ಕೇಳಿ ನೆರೆಯವರು ನಗುತ್ತಾರೆ, ಪ್ರೀತಿಯಿಂದಲೇ. ಹಾಲಿಗೆ, ತರಕಾರಿಗೆ, ಹಿಟ್ಟಿನ ಗಿರಣಿಗೆ ಆ ಮರಾಠಿ ಸಾಕು. ಹೊಟ್ಟೆಯೊಳಗಿನ ಮಾತಿಗೆ ಅದು ಮುಟ್ಟುವುದಿಲ್ಲ. ಹೀಗಾಗಿ ಬೆಳಗಿನ ‘ಡಬ್ಬಿ ತಗೊಂಡ್ರಿ?’ ಮತ್ತು ಸಂಜೆಯ ‘ಬಂದ್ರಿ?’ ಇವೆರಡರ ನಡುವೆ ಕನ್ನಡದಲ್ಲಿ ತುಟಿ ಬಿಚ್ಚದ ದಿನಗಳೇ ಹೆಚ್ಚು.

ಶನಿವಾರದ ಈ ಕ್ರೋಶಾ ಹೆಣಿಕೆಯ ಕ್ಲಾಸು ಹುಟ್ಟಿದ್ದು ಅಥಣಿಯಲ್ಲಿ, ನಮ್ಮವರೊಬ್ಬರ ಮದುವೆಯಲ್ಲಿ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹೆಂಗಸು ನನ್ನ ಹೆಗಲ ಮೇಲಿನ ಲೋಕರಿಯ, ಅಂದರೆ ಉಣ್ಣೆಯ, ಶಾಲಿನ ಅಂಚು ಹಿಡಿದು, ಮೇಲ್ಮುಖ ಬಿಟ್ಟು ಹಿಂಬದಿಯನ್ನು ತಿರುವಿ ನೋಡಿದರು.

“ಹಿಂದನೂ ಒಂದ್ ಗಂಟ ಇಲ್ಲಲ್ರಿ! ಯಾರ್ ಹೆಣದಾರಿದನ್ನ?”

ನಾನೇ ಎಂದೆ. ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲ್‌ನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸುವಾಗ ಮಾರ್ಕು ಕೊಡುತ್ತಿದ್ದುದು ಹಿಂಬದಿಗೇ, ಮುಂದಿನದಕ್ಕಲ್ಲ ಎಂದೂ ಹೇಳಿದೆ.

“ನಮಗೂ ಕಲಸ್ರಿ ಹಂಗಾರ.”

“ನಾ ನಿಪ್ಪಾಣ್ಯಾಗ ಇರ್ತೇನ್ರಿ, ನೀವು ಹೊಳಿದಂಡಿ ಜುಗೂಳದವರು ಅಂತೀರಿ.”

“ಫೋನ್ ಅಂದ್ರ ಕೊಕಟನೂರ ಯಲ್ಲಮ್ಮನ ಗುಡಿ ಏನ್ರಿ, ನಡಕೋತ ಹೋಗಾಕ? ಅದರಾಗನ ಕಲಸ್ರಿ.”

ಆ ಪಂಕ್ತಿಯಲ್ಲಿ ಕೊಕಟನೂರಿನವರೇ ಇಬ್ಬರು ವಾರಗಿತ್ತಿಯರು ಕೂತಿದ್ದರು. ನಮ್ಮೂರ ಹೆಸರ ಯಾಕ ತಗೀತೀರಿ ಅಂತ ಜಗಳಕ್ಕೆ ಬಂದವರ ಹಾಗೆ ಬಂದು, ನಮ್ಮನ್ನೂ ಸೇರಿಸಿಕೊಳ್ಳಿ ಅಂದರು. ಮುಂದೆ ರಾಯಬಾಗದ ಕಡೆಯಿಂದ, ಅಲಖನೂರಿನ ಹೊಸ ಸೊಸೆಯೊಬ್ಬಳು ಬಂದಳು. ತಲೆ ಮೇಲಿನ ಸೆರಗು ಸರಿಯದಂತೆ ಹಿಡಿದು, ಅತ್ತೆ ಕೇಳದಷ್ಟು ಸಣ್ಣ ದನಿಯಲ್ಲಿ ಮಾತಾಡುವವಳು. ಎಲ್ಲರಿಗೂ ನಾನು ಅಕ್ಕಾರ.

ನನಗೆ ಸಿಕ್ಕ ಲ್ಯಾಪ್‌ಟಾಪು ಯಜಮಾನರದು. ಬಿಲ್ಲು ಬರೆದು ಬರೆದು ಹಳತಾಗಿ, ಪರದೆಯ ನಡುವೆ ಎರಡು ಹಸಿರು ಗೆರೆ ಬಿದ್ದ ಮೇಲೆ ನನ್ನ ಪಾಲಿಗೆ ಬಂತು. ಆ ಗೆರೆಗಳು ಎಲ್ಲರ ಮುಖವನ್ನೂ ಸೀಳುತ್ತಿದ್ದವು. ಅದಕ್ಕೇ ಒಂದು ಕೇಬಲ್ ತಂದು ಹಾಲ್‌ನ ದೊಡ್ಡ ಟಿವಿಗೆ ಜೋಡಿಸಿದೆ. ಜುಗೂಳದವರ ಮುಖ ಮುಖದಷ್ಟೇ ದೊಡ್ಡದಾಗಿ ಗೋಡೆಯ ಮೇಲೆ ಬಂತು. ಮೂಗುಬೊಟ್ಟಿನ ಒಂದು ಹರಳು ಉದುರಿದ್ದು ಕಂಡಿತು. ಕೊಕಟನೂರಿನವರ ಹಿಂದೆ ಮಾಡದಲ್ಲಿ ಒಣಗಲಿಟ್ಟ ಮೆಣಸಿನಕಾಯಿ ಕಂಡವು. ನಾಲ್ಕು ಜನ ನನ್ನ ಮನೆಯೊಳಗೆ ಕೂತು ಕನ್ನಡ ಮಾತಾಡುತ್ತಿದ್ದರು. ನಾನು ಎದ್ದು ಹೋಗಿ ಚಹಾ ಮಾಡಿದೆ. ಐದು ಕಪ್ಪು ಟ್ರೇದಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದಾಗ ಎಚ್ಚರಾಯಿತು.

ಸಂಜೆ ಯಜಮಾನರು ಪಾತ್ರೆ ತೊಳೆಯುವ ಮೋರಿಯಲ್ಲಿ ಕಪ್ಪುಗಳನ್ನು ನೋಡಿ, “ಯಾರ್ ಬಂದಿದ್ರು?” ಎಂದರು.

“ಯಾರೂ ಇಲ್ಲ” ಎಂದೆ.

ಚಳಿಗಾಲವೆಲ್ಲ ಕ್ಲಾಸು ಸರಾಗವಾಗಿ ನಡೆಯಿತು. ಹೋಳಿ ಹುಣ್ಣಿಮೆ ಕಳೆದು ಬಿಸಿಲು ಬಿರುಸಾಗುತ್ತಲೇ ಲ್ಯಾಪ್‌ಟಾಪಿಗೆ ಉಬ್ಬಸ ಶುರುವಾಯಿತು. ಕ್ಲಾಸು ಆರಂಭವಾಗಿ ಒಂದು ಸಾಲು ಹೆಣಿಕೆ ಮುಗಿಯುವಷ್ಟರಲ್ಲಿ ಒಳಗಿನ ಫ್ಯಾನು ಭರ್ರೆಂದು ಕೂಗುವುದು. ಆಮೇಲೆ ಮೌಸಿನ ಬಾಣ ಬೆಲ್ಲದ ಪಾಕದಲ್ಲಿ ಸಿಕ್ಕ ಇರುವೆಯಂತೆ ಎಳೆದಾಡುವುದು. ಕೊನೆಗೆ ಎಲ್ಲರೂ ಬಾಯಿ ತೆರೆದಲ್ಲಿ ತೆರೆದಂತೆ ಕಲ್ಲಾಗುವುದು. ಅವರ ಕಡೆ ನನ್ನ ಕೈಯೂ ಸೂಜಿ ಎತ್ತಿದಲ್ಲಿ ನಿಲ್ಲುತ್ತಿತ್ತಂತೆ.

“ನಮ್ಮ ಅಕ್ಕಾರಿಗೆ ಯಾರೋ ಸ್ಟ್ಯಾಚೂ ಅಂದ್ರು ನೋಡ್ರಿ” ಎಂದು ಜುಗೂಳದವರು ಮೊದಲ ವಾರ ನಕ್ಕರು. ಮುಂದಿನ ವಾರ ಯಾರೂ ನಗಲಿಲ್ಲ. ಅದರ ಮುಂದಿನ ವಾರ ಕೊಕಟನೂರಿನ ಹಿರಿಯ ವಾರಗಿತ್ತಿ ಗಂಟಲು ಸರಿಮಾಡಿಕೊಂಡರು.

“ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ನಾವು ರೊಟ್ಟಿ ಕೆಲಸ ಬಿಟ್ಟ ಕೂಡ್ರತೇವಿ. ಇಲ್ಲಿ ನೋಡಿದ್ರ ಚಿತ್ರ ಮ್ಯಾಲಿಂದ ಮ್ಯಾಲ ನಿಂದ್ರತೈತಿ. ಫೋನಿನಾಗ ಕಲಸೂ ವಿಡಿಯೋ ಬೇಕಾದಷ್ಟ ಅದಾವ. ಅವು ನಿಂದ್ರಂಗಿಲ್ಲ.”

“ಮುಂದಿನ ಶನಿವಾರ ಒಂದ್ ನೋಡೂಣು ತಡಿಯಕ್ಕ” ಎಂದಳು ಕಿರಿಯವಳು. ನನಗೆ ಸಿಕ್ಕಿದ್ದು ಅದೊಂದು ಶನಿವಾರ.

ಯಜಮಾನರಿಗೆ ಹೇಳಿದೆ. ಅವರು ಊಟ ಮಾಡುತ್ತ, “ಟಿವಿ ಕೇಬಲ್ ತಗದ ಒಗಿ. ಅದಕ್ಕ ಭಾರ ಆಗತೈತಿ. ಸಣ್ಣ ಪರದೆ ಮ್ಯಾಲ ಮಾಡು” ಎಂದರು. ತಪ್ಪಲ್ಲ. ಕೇಬಲ್ ತೆಗೆದು ನೋಡಿದೆ, ಉಬ್ಬಸ ಕಡಿಮೆಯಾಯಿತು. ಪೇಟೆಯ ಕಂಪ್ಯೂಟರ್ ಅಂಗಡಿಯವರೂ ಅದನ್ನೇ ಮರಾಠಿಯಲ್ಲಿ ಹೇಳಿದರು: “ವಹಿನಿ, ಟೀವ್ಹಿ ಕಾಢಾ, ವಿಷಯ ಸಂಪಲಾ.” ಅತ್ತಿಗೆ, ಟಿವಿ ತೆಗೆಯಿರಿ, ವಿಷಯ ಮುಗಿಯಿತು.

ವಿಷಯ ಮುಗಿಯುವುದಾಗಿದ್ದರೆ ಮುಗಿಸುತ್ತಿದ್ದೆ. ಆ ಗೆರೆ ಬಿದ್ದ ಸಣ್ಣ ಪರದೆಯಲ್ಲಿ ಅವರೆಲ್ಲ ಅಂಚೆಚೀಟಿಗಳಾಗುತ್ತಾರೆ. ಯಾರು ನಕ್ಕರು, ಯಾರ ಕಣ್ಣು ಕೆಂಪಾಗಿದೆ, ತಿಳಿಯುವುದಿಲ್ಲ. ಕಲಿಸಲು ಅಷ್ಟು ಸಾಕು. ನನಗೆ ಸಾಲದು. ಇದನ್ನು ಅಂಗಡಿಯ ಕೌಂಟರಿನ ಮುಂದೆ ನಿಂತು ಮರಾಠಿಯಲ್ಲಿ ಹೇಗೆ ಹೇಳುವುದು? ಮನೆಯಲ್ಲಿ ಕನ್ನಡದಲ್ಲೂ ಹೇಳಲಿಲ್ಲ. “ಬರೋಬರಿ” ಎಂದು ಎಲ್ಲರಿಗೂ ತಲೆಯಾಡಿಸಿ ಬಂದೆ.

ಮರುದಿನ ಫೋನಿನ ಇಂಟರ್ನೆಟ್ಟಿನಲ್ಲಿ ಹುಡುಕಿ ಇಂಗ್ಲಿಷಿನಲ್ಲಿ ಓದತೊಡಗಿದೆ. ಕಾನ್ವೆಂಟಿನ ಇಂಗ್ಲಿಷು ನನ್ನ ಬಾಯಿಗೆ ಬರುವುದು ಕಡಿಮೆ, ಕಣ್ಣಿಗೆ ಇನ್ನೂ ಸಲೀಸು. ಲ್ಯಾಪ್‌ಟಾಪಿನ ಅಡಿಯಲ್ಲಿ ಗಾಳಿ ಎಳೆದುಕೊಳ್ಳುವ ಕಿಂಡಿಗಳಿರುತ್ತವೆ, ಅವನ್ನು ಮುಚ್ಚಬಾರದು, ಹಾಸಿಗೆ ದಿಂಬಿನಂಥ ಮೆತ್ತನೆಯದರ ಮೇಲೆ ಇಡಬಾರದು ಎಂದಿತ್ತು. ತಲೆಯೆತ್ತಿ ನಮ್ಮ ಲ್ಯಾಪ್‌ಟಾಪ್ ಕಡೆ ನೋಡಿದೆ.

ನಮ್ಮ ಮನೆಯಲ್ಲಿ ಬರಿಮೈಯಲ್ಲಿ ನಿಂತ ವಸ್ತು ಒಂದೂ ಇಲ್ಲ. ಫ್ರಿಜ್ಜಿನ ಹಿಡಿಕೆಗೆ ಅಂಗಿ, ಮಿಕ್ಸರಿಗೆ ಕುಲಾವಿ, ನೀರಿನ ತಂಬಿಗೆಗೆ ಮಣಿ ಪೋಣಿಸಿದ ಜಾಳಿಗೆ. ಹಾಸ್ಟೆಲ್ಲಿನಲ್ಲಿ ಕಲಿತದ್ದು, ಅತ್ತೆಯೂ ಮೆಚ್ಚಿ ಬೆಳೆಸಿದ್ದು. ಲ್ಯಾಪ್‌ಟಾಪಿಗೂ ನಾನು ಕಾಲುಚೀಲದಂತೆ ಬಿಗಿಯಾದ ಒಂದು ಲೋಕರಿ ಕವಚ ಹೆಣೆದಿದ್ದೆ. ಕೀಲಿಗಳಿಗೆ ಜಾಗ ಬಿಟ್ಟು, ಗೆರೆ ಬಿದ್ದ ಪರದೆಗೆ ಮುಸುಕು ಹಾಕಿ, ಕ್ಯಾಮೆರಾಕ್ಕೆ ಮಾತ್ರ ಗುಂಡಿಯಷ್ಟು ಕಣ್ಣು ಬಿಟ್ಟು. ಮೇಜಿನ ಗಾಜಿಗೆ ಗೀರು ಬೀಳದಿರಲೆಂದು ಅದನ್ನು ಕೂಡಿಸಿದ್ದು ಅತ್ತೆ ಹೊಲಿದ ಕೌದಿಯ ನಾಲ್ಕು ಮಡಿಕೆಯ ಮೇಲೆ. ಎಂಟು ಪದರ ಹಳೆಯ ಸೀರೆಯ ಕೌದಿ ಅದು. ಮಾಘದ ಚಳಿಯಲ್ಲೂ ಒಂದು ಹೊದ್ದರೆ ಬೆವರು ಬರುತ್ತದೆ.

ಕೌದಿಗೂ ಲ್ಯಾಪ್‌ಟಾಪಿಗೂ ನಡುವೆ ಕೈ ಹಾಕಿದೆ. ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ಹಾಕಿದ ಹಾಗಾಯಿತು.

ನಗು ಬಂತು. ನಗಲು ಜೊತೆಗೆ ಯಾರೂ ಇರಲಿಲ್ಲ, ಒಬ್ಬಳೇ ನಕ್ಕೆ.

ಕವಚ ಬಿಚ್ಚಿದೆ, ಕೌದಿ ಮಡಿಸಿಟ್ಟೆ. ಲ್ಯಾಪ್‌ಟಾಪ್ ಆರಿಸಿ, ಚಾರ್ಜರ್ ಕಿತ್ತು, ಹೊಲಿಗೆ ಯಂತ್ರದ ಸಣ್ಣ ತಿರುಪುಳಿಯಿಂದ ಅಡಿಯ ಸ್ಕ್ರೂಗಳನ್ನು ತೆಗೆದೆ. ತೆಗೆದ ಸ್ಕ್ರೂಗಳನ್ನು ಅವು ಇದ್ದ ಕ್ರಮದಲ್ಲೇ ಒಂದು ತಾಟಿನಲ್ಲಿ ಸಾಲಾಗಿ ಇಟ್ಟೆ. ತಳದ ಹಲಗೆ ಎತ್ತುತ್ತಲೇ ಸೀನು ಬಂದವು, ಒಂದರ ಹಿಂದೆ ಒಂದು. ಕೆಳಗಿನ ವಖಾರಿಯ ತಂಬಾಕಿನ ಹುಡಿ ನೆಲದ ಸಂದಿನಿಂದ ಏರಿ ಏರಿ ಫ್ಯಾನಿನ ಬಾಯಿಗೆ ಸೇರಿತ್ತು. ಬರೀ ಹುಡಿಯಾಗಿದ್ದರೆ ಉದುರುತ್ತಿತ್ತೋ ಏನೋ. ಅದಕ್ಕೆ ನನ್ನ ಲೋಕರಿಯ ನವಿರು ಕೂದಲು ಸುತ್ತಿಕೊಂಡು ಕಂಬಳಿಯಂತೆ ಗಟ್ಟಿಯಾಗಿತ್ತು. ಕ್ರೋಶಾ ಸೂಜಿಯ ಕೊಕ್ಕೆಯಿಂದ ಮೆಲ್ಲನೆ ಎಬ್ಬಿಸಿದೆ. ಒಂದೇ ತುಂಡಾಗಿ ಬಂತು. ಬೆಳಕಿಗೆ ಹಿಡಿದರೆ ಕಂದು ಹುಡಿಯ ನಡುವೆ ಗುಲಾಬಿ, ಗಿಳಿಹಸಿರು, ಮತ್ತೆ ಗುಲಾಬಿ. ಈ ಚಳಿಗಾಲ ನಾನು ಏನೇನು ಹೆಣೆದೆನೋ ಎಲ್ಲ ಅದರಲ್ಲಿತ್ತು. ಒಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದೆ. ಆಮೇಲೆ ಕಸದ ಬುಟ್ಟಿಗೆ ಹಾಕಿದೆ. ಫ್ಯಾನಿನ ಎಸಳುಗಳು ತಿರುಗದಂತೆ ಬೆರಳಿಂದ ಹಿಡಿದು, ಬಣ್ಣದ ಮೆತ್ತನೆಯ ಒಣ ಬ್ರಷ್ಷಿನಿಂದ ಒಂದೊಂದನ್ನೇ ಒರೆಸಿ, ಎಲ್ಲ ಮತ್ತೆ ಮುಚ್ಚಿದೆ.

ಉಳಿದದ್ದು ಪರದೆಯ ಲೆಕ್ಕ. ನಮ್ಮ ಟಿವಿ ದೊಡ್ಡದು. ಅದಕ್ಕೆ ತಕ್ಕ ಅತಿ ನುಣುಪಾದ ಚಿತ್ರವನ್ನು ಈ ಹಳೆಯ ಲ್ಯಾಪ್‌ಟಾಪು ತಯಾರಿಸಿ ಕೊಡುತ್ತಿತ್ತು. ಅದರ ಜೊತೆಗೆ ತನ್ನ ಸ್ವಂತ ಪರದೆಗೂ ಅದೇ ಚಿತ್ರ. ಮುದುಕನ ತಲೆಯ ಮೇಲೆ ಎರಡು ಹೊರೆ. ಸೆಟ್ಟಿಂಗ್ಸಿಗೆ ಹೋಗಿ ಗೆರೆ ಬಿದ್ದ ಪರದೆಯನ್ನು ಪೂರಾ ಬಂದ್ ಮಾಡಿದೆ. ಟಿವಿಗೆ ಹೋಗುವ ರೆಸಲ್ಯೂಶನ್ ಅರ್ಧಕ್ಕೆ ಇಳಿಸಿದೆ. ತೆರೆಯುತ್ತಲೇ ತಾವಾಗಿ ಏಳುತ್ತಿದ್ದ ಯಜಮಾನರ ಬಿಲ್ಲಿನ ಪ್ರೋಗ್ರಾಮುಗಳನ್ನು ಏಳದಂತೆ ಮಾಡಿದೆ. ಕೌದಿಯ ಜಾಗಕ್ಕೆ ಬಿಸಿ ಪಾತ್ರೆ ಇಡುವ ತಂತಿಯ ಸ್ಟ್ಯಾಂಡು ಬಂತು, ಅಡಿಯಿಂದ ಗಾಳಿ ಆಡುವಂತೆ.

ಶನಿವಾರ. ಹೊರಗೆ ಓಣಿ ಬಿಸಿಲಿಗೆ ಬಾಗಿಲು ಹಾಕಿಕೊಂಡಿತ್ತು. ಟಿವಿಯಲ್ಲಿ ಒಬ್ಬೊಬ್ಬರೇ ಬಂದರು. ಮುಖಗಳ ಅಂಚು ಮೊದಲಿನಷ್ಟು ಸ್ಪಷ್ಟವಿಲ್ಲ, ತೆಳು ಸೆರಗಿನ ಹಿಂದಿನಿಂದ ನೋಡಿದಂತೆ ಮಂದ. ಅಳತೆ ಮಾತ್ರ ಮುಖದ್ದೇ.

“ಅಕ್ಕಾರ, ಇವತ್ತ ಏನ್ ಕಲಸ್ತೀರಿ? ಇಲ್ಲಾ ಕಲ್ಲಾಗತೀರಿ?” ಜುಗೂಳದವರು.

“ಹೂವು” ಎಂದೆ. “ಐದ ಎಸಳಿಂದು. ಮೊದಲ ಸಾಖಳಿ ಹಾಕ್ರಿ.”

ಸರಪಳಿಯಂತೆ ಕುಣಿಕೆಗೆ ಕುಣಿಕೆ ಜೋಡಿಸಿ ಸಾಖಳಿ ಹಾಕಿದೆವು. ಮೊದಲ ಎಸಳು ಮುಗಿಯಿತು, ನನ್ನ ಕಿವಿಯೆಲ್ಲ ಫ್ಯಾನಿನ ಮೇಲೆ. ಎರಡನೆಯದು. ಅದು ಸಣ್ಣಗೆ ಗುಂಯ್ ಎನ್ನುತ್ತಿತ್ತು, ಅಷ್ಟೇ. ಮೂರನೆಯ ಎಸಳಿನಲ್ಲಿ ಕಿರಿಯ ವಾರಗಿತ್ತಿ ತಪ್ಪಿದಳು.

“ಎಸಳ ಅಲ್ಲದು, ನಮ್ಮ ಮಾವನ ಕಿವಿ” ಎಂದರು ಹಿರಿಯವರು.

“ಮೆಲ್ಲಕ ಅನ್ನ ಬೇ ಯಕ್ಕಾ, ಹಿತ್ತಲದಾಗ ಅದಾರ!”

ಅಲಖನೂರಿನ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಶಬ್ದವಿರಲಿಲ್ಲ, ಭುಜ ಮಾತ್ರ ಕುಣಿದವು. ದೊಡ್ಡ ಪರದೆಯಾದ್ದರಿಂದ ಅದು ನನಗೆ ಕಂಡಿತು.

ಚಿತ್ರ ನಿಲ್ಲಲಿಲ್ಲ. ನಾಲ್ಕೂ ಜನ ಹೂವು ಮುಗಿಸಿ, ಹಿಂಬದಿ ತಿರುವಿ ತೋರಿಸಿದರು.

“ಇವತ್ತ ಲಗೂನ ಮುಗೀತಲ್ರಿ!” ಹಿರಿಯ ವಾರಗಿತ್ತಿಗೆ ಖುಷಿ. “ಹಿಂಗ ಇದ್ರ ಯಾಕ ಬಿಡತೇವ್ರಿ ನಿಮ್ಮನ್ನ? ಮುಂದಿನ ವಾರ ಎಲಿ ಕಲಸ್ರಿ. ಏಳ, ಎಮ್ಮಿ ನೀರ ಕುಡದಿಲ್ಲ.” ಇಬ್ಬರೂ ಹೋದರು. “ಬರ್ತೇನ್ರಿ ಅಕ್ಕಾರ, ಅತ್ತಿ ಎದ್ರು” ಎಂದು ಅಲಖನೂರಿನವಳೂ ಹೋದಳು. ಚಿತ್ರ ನಿಂತು, ಮತ್ತೆ ಜೋಡಿಸಿ, ಕಾಯ್ದು ಮಾಡುವಾಗ ಸಂಜೆಯವರೆಗೆ ಎಳೆಯುತ್ತಿದ್ದ ಕ್ಲಾಸು ಬಿಸಿಲು ಇಳಿಯುವ ಮೊದಲೇ ಮುಗಿದಿತ್ತು. ಇದನ್ನು ನಾನು ಎಣಿಸಿರಲಿಲ್ಲ.

ಜುಗೂಳದವರು ದಾರ ಸುತ್ತುತ್ತಿದ್ದರು. ಅವರ ಬೆರಳು ಕೆಂಪು ಗುಂಡಿಯ ಕಡೆ ಹೋಗುವುದು ಕಂಡು, “ಸ್ವಲ್ಪ ಕೂಡ್ರಿ” ಎಂದೆ.

“ಇನ್ನೂ ಐತೇನ್ರಿ ಪಾಠ?”

“ಪಾಠ ಇಲ್ರಿ.”

“ಮತ್ತ ಕೂತ ಏನ್ ಮಾಡೂದು?”

“ಸುಮ್ಮನ ಕೂಡ್ರೂದು” ಎಂದೆ. ಹೇಳಿದ ಮೇಲೆ ಮುಖ ಬಿಸಿಯಾಯಿತು.

ಅವರು ಎದ್ದು ಪರದೆಯಿಂದ ಆಚೆ ಹೋದರು. ಖಾಲಿ ಗೋಡೆ ಮತ್ತು ಒಂದು ಮೊಳೆ ಉಳಿದವು. ಹೋದರೆಂದೇ ತಿಳಿದೆ. ಆದರೆ ಒಂದು ಬುಟ್ಟಿ ಎತ್ತಿಕೊಂಡು ಬಂದು, ಫೋನನ್ನು ಎದುರಿಗೆ ಒರಗಿಸಿ ಕೂತರು.

“ಮೆಂತೆ ಸೋಸೂದೈತಿ. ನೋಡ್ಕೋತ ಕೂಡ್ರಿ.”

ಅವರು ಎಲೆ ಬಿಡಿಸಿದರು, ನಾನು ನೋಡಿದೆ. ಹೊಳೆ ಕಡೆಯ ಮೆಂತೆ, ಕಾಂಡ ಎಳೆಯದು. ನಡುವೆ ಒಮ್ಮೆ ಹುಳು ಸಿಕ್ಕಾಗ ಅದನ್ನು ಬೈದರು. ಬೇರೆ ಮಾತು ಹೆಚ್ಚು ಆಗಲಿಲ್ಲ. ಒಂದು ಸೂಡು ಮೆಂತೆ ಮುಗಿಯುವವರೆಗೆ ಅವರು ಇದ್ದರು.