ಮೂರು ಸಲ ಹೊಳ್ಳಿದ ರೇವಪ್ಪ

ನಾಸಿಕದ ಅಂಬಡ್‌ನಲ್ಲಿ ಬೋಲ್ಟು ತಯಾರಿಸುವ ಕಾರ್ಖಾನೆಯೊಂದರಲ್ಲಿ ಭಾಲ್ಕಿಯ ರೇವಪ್ಪ ಹತ್ತೊಂಬತ್ತು ವರ್ಷ ನಿಂತೇ ದುಡಿದ. ಅಲ್ಲಿ ಕೂತು ಮಾಡುವ ಕೆಲಸ ಒಂದೇ, ತಪಾಸಣೆಯದು. 2009ರಲ್ಲಿ ಆ ಕುರ್ಚಿ ಖಾಲಿಯಾಯಿತು. ಹತ್ತನೆಯ ತರಗತಿ ಪಾಸಾದವರಿಗೆ ಮಾತ್ರ ಎಂದರು. ರೇವಪ್ಪನಿಗೆ ಅದರಲ್ಲಿ ಪಾಸಾಗದೆ ಉಳಿದಿದ್ದದ್ದು ಗಣಿತವೊಂದೇ. ಮೊಣಕಾಲುಗಳೆರಡೂ ಆಗಲೇ ರಾಜೀನಾಮೆಗೆ ತಯಾರಾಗಿದ್ದವು.

ಒಂಬತ್ತನೆಯ ತರಗತಿಯ ಮಗಳು ಸಮೀಕ್ಷಾ ಅವನಿಗೆ ಪಾಠ ಹೇಳಲು ಕೂತಳು. x² − 4x + 1, ಇದರಲ್ಲಿ x ಇದ್ದಲ್ಲಿ ಮೈನಸ್ ಮೂರು ಹಾಕಿ ಎಂದಳು. ರೇವಪ್ಪ ಮೈನಸ್ ಇಪ್ಪತ್ತು ಎಂದು ಬರೆದ.

“ಬಾಬಾ, ಇಪ್ಪತ್ತೆರಡು ಬರ್ತದ. ಮೈನಸ್ ಇಂಟು ಮೈನಸ್ ಪ್ಲಸ್ ನಾ!”

“ಹ್ಯಾಂಗವ್ವಾ? ಅಳತಿಗಿಂತ ಕಮ್ಮಿ ಇದ್ದ ಬೋಲ್ಟಿಗಿ ನಾವು ಮೈನಸ್ ಬರೀತೀವಿ, ಕೆಂಪು ಡಬ್ಬಿಗಿ ಒಗೀತೀವಿ. ಎರಡು ಮೈನಸ್ ಬಂದ್ರ ಡಬಲ್ ರಿಜೆಕ್ಟ್. ಅದನ್ನ ಪಾಸ್ ಮಾಡಿದ್ರ ಸಾಹೇಬ ನನ್ನೇ ಡಬ್ಬಿಗಿ ಒಗೀತಾನ.”

ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಪ್ರೇಮಾಬಾಯಿ, “ಖರೇ ಅದ” ಎಂದು ಗಂಡನ ಪರ ವಹಿಸಿದಳು.

ಸಮೀಕ್ಷಾ ಅಪ್ಪನನ್ನು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದಳು. “ಬಾಗಲಾ ಪ್ಲಸ್. ಒಂದೊಂದು ಮೈನಸ್ಸಿಗಿ ಒಮ್ಮೆ ಹೊಳ್ಳಿ ನಿಲ್ರಿ.”

ಒಮ್ಮೆ ಹಿಂದಕ್ಕೆ ಹೊಳ್ಳಿದ, ಗೋಡೆ. ಇನ್ನೊಮ್ಮೆ ಹೊಳ್ಳಿದ, ಬಾಗಿಲು. ಮುಖ ಅರಳಿತು. ಅಂದಿನಿಂದ ಅವನ ಲೆಕ್ಕ ಕಾಗದಕ್ಕಿಂತ ಹೆಚ್ಚಾಗಿ ಹಿಮ್ಮಡಿಯ ಮೇಲೇ ನಡೆಯಿತು.

ಅವನು ಓದು ಬಿಟ್ಟ ಶಾಲೆ ಈಗಿನ ಸಂಭಾಜಿನಗರದಲ್ಲಿತ್ತು, ಪರೀಕ್ಷೆಯೂ ಅಲ್ಲೇ. x³ + x² + 5, x ಬೆಲೆ ಮೈನಸ್ ಎರಡು. ರೇವಪ್ಪ ಬೆಂಚಿನಲ್ಲೇ ಹೊಳ್ಳತೊಡಗಿದ. ಘನಕ್ಕೆ ಮೂರು ಸಲ. ಮೂರನೆಯದಕ್ಕೆ ಅವನ ಮುಖ ಹಿಂದಿನ ಬೆಂಚಿನ ಹುಡುಗಿಯ ಎದುರಿಗೆ ಬಂದು ನಿಂತಿತು. ಅವಳು ಗಾಬರಿಯಿಂದ ಉತ್ತರಪತ್ರಿಕೆ ಮುಚ್ಚಿಕೊಂಡಳು. ಮೇಲ್ವಿಚಾರಕಿ ಮಂದಾಕಿನಿಬಾಯಿ ಧಾವಿಸಿ ಬಂದು ಅವನ ಹಾಳೆ ಕಸಿದುಕೊಂಡರು.

“ಕಾಕಾ, ಈ ವಯಸ್ಸಿನಲ್ಲಿ ಕಾಪಿಯೇ?” ಎಂದು ಮರಾಠಿಯಲ್ಲಿ ಗದರಿದರು.

ಗಾಬರಿಗೆ ರೇವಪ್ಪನ ಮರಾಠಿ ಕನ್ನಡದೊಳಗೇ ಕಲಸಿಹೋಯಿತು. “ಕಾಪಿ ಅಲ್ರಿ ಮ್ಯಾಡಂ, ಮೈನಸ್ ಎಂಟು ಆಗ್ಯದ. ಇನ್ನಾ ವರ್ಗ ಹೊಳ್ಳೂದು ಬಾಕಿ ಅದ.”

ಮಂದಾಕಿನಿಬಾಯಿ ಹುಡುಗಿಯ ಹಾಳೆ ನೋಡಿದರು. ಅಲ್ಲಿ ಆ ಪ್ರಶ್ನೆಯ ಜಾಗ ಖಾಲಿ. “ಮಾಡಿ ತೋರಿಸಿ” ಎಂದರು.

ರೇವಪ್ಪ ಎದ್ದು ನಿಂತು ಎರಡು ಸಲ ಹೊಳ್ಳಿದ. “ಪ್ಲಸ್ ಚಾರ್. ಆ ಮೈನಸ್ ಎಂಟಕ್ಕ ಇದೂ ಐದೂ ಕೂಡಿಸಿದ್ರ, ಒಟ್ಟು ಏಕ್!”

ಕೋಣೆಯ ಪೆನ್ನುಗಳೆಲ್ಲ ಒಟ್ಟಿಗೇ ಒಂದು ಎಂದು ಬರೆದವು.

“ಮನಸ್ಸಿನಲ್ಲಿ ಹೇಳಿ ಕಾಕಾ!” ಎಂದು ಕಿರುಚಿ ಅವರು ಹಾಳೆ ಹಿಂದಿರುಗಿಸಿದರು.

ಜೂನ್‌ನಲ್ಲಿ, ಬೇಕಿದ್ದದ್ದಕ್ಕಿಂತ ಒಂದೇ ಅಂಕ ಹೆಚ್ಚು ಬಂದು ಪಾಸಾದ. ಕುರ್ಚಿ ಸಿಕ್ಕಿತು. ಮೊದಲ ದಿನ ಚಹಾಕ್ಕೂ ಅದರಿಂದ ಏಳಲಿಲ್ಲ. ಸಂಜೆ ಮನೆಗೆ ಬಂದವನೇ, “ಕುಂತ ಕುಂತ ಸೊಂಟ ಹಿಡದದ” ಎಂದು ದೂರಿದ. ಆ ದೂರಿನಲ್ಲಿ ಎಂಥ ಸುಖವಿತ್ತೆಂದರೆ, ಪ್ರೇಮಾಬಾಯಿ ಸೊಂಟಕ್ಕೆ ತಿಕ್ಕಲು ಎಣ್ಣೆ ಬಿಸಿಗಿಟ್ಟಳು.