ಕೀ ಕೊಟ್ಟರೆ ನಡೆಯುವ ಸವತಿ

ಕಳೆದ ವರ್ಷ ಶ್ರಾವಣದಲ್ಲಿ ನಡೆದದ್ದು. ಆದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

ನಮ್ಮ ಯಜಮಾನರದು ಹೊಳಲ್ಕೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಹುಚ್ಚು, ಸ್ವಿಸ್ ವಾಚು. ಅದೂ ಸೆಲ್ ಹಾಕುವಂಥದ್ದಲ್ಲ, ದಿನಾ ಕೀ ಕೊಡುವಂಥದ್ದು. ಹಳೆಯ ವಾಚು ಮಾರುವವರನ್ನು ಫೋನಿನಲ್ಲೇ ಹುಡುಕಿ ನಾಲ್ಕೈದು ತರಿಸಿದ್ದಾರೆ. ಅದರಲ್ಲಿ ಬಿಳಿ ಮುಖದ್ದೊಂದು ಅವರ ಪ್ರಾಣ. ಹೊಳಪಿಲ್ಲ, ಥಳುಕಿಲ್ಲ, ಮೂರು ಮುಳ್ಳು ಬಿಟ್ಟರೆ ನೋಡುವುದಕ್ಕೆ ಏನೂ ಇಲ್ಲ.

ಹಿರಿಯೂರಿನಲ್ಲಿ ನನ್ನ ಅಕ್ಕನ ಮನೆ ಗೃಹಪ್ರವೇಶಕ್ಕೂ ಅದನ್ನೇ ಕಟ್ಟಿಕೊಂಡು ಬಂದರು. ಅಲ್ಲಿ ಭಾವನ ಕೈಯಲ್ಲಿ ಬಂಗಾರದ ಬಣ್ಣದ, ಕಡಗದಷ್ಟು ದಪ್ಪದ ವಾಚು. ಬಂದವರ ಕಣ್ಣೆಲ್ಲ ಅದರ ಮೇಲೆಯೇ. ಅಕ್ಕ ಹತ್ತಿರ ಬಂದು, "ನಿಮ್ಮ ಮನೆಯವ್ರಿಗೆ ಒಂದು ಒಳ್ಳೇ ವಾಚ್ ಕೊಡ್ಸೇ, ಇದು ನಮ್ಮಪ್ಪನ ಕಾಲದ್ದು ಇದ್ದಂಗೈತೆ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ, "ನೀವೂ ಭಾವನಂಥದ್ದು ತಗಳ್ರಿ" ಎಂದೆ.

"ಅದರಲ್ಲಿ ಅರ್ಧ ದುಡ್ಡು ಹೆಸರಿಗೇ ಹೋಗ್ತೈತೆ ಕಣೇ. ಇದರ ಹೆಸರು ಯಾರಿಗೂ ಗೊತ್ತಿಲ್ಲ, ಅದ್ಕೇ ಕಮ್ಮಿಗೆ ಸಿಕ್ತು. ಒಳಗಿನ ಮಿಷಿನ್ ನೋಡ್ಬೇಕು ನೀನು. ಗದ್ದಲಿಲ್ಲ, ಗರ್ವಿಲ್ಲ, ಇಷ್ಟು ವರ್ಷದಾಗೆ ಒಂದಿನಾನೂ ಕೈ ಕೊಟ್ಟಿಲ್ಲ" ಎಂದರು.

ಭಾವನ ವಾಚಿನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಆ ಕ್ಷಣ ಈ ವಾಚಿನ ಮೇಲೆ ತಿರುಗಿತು. ಇಷ್ಟು ವರ್ಷದಲ್ಲಿ ನಾನೂ ಒಂದಿನ ಕೈ ಕೊಟ್ಟವಳಲ್ಲ. ಗದ್ದಲ ಸ್ವಲ್ಪ ಜಾಸ್ತಿ ಇರಬಹುದು. ಆದರೂ ನನ್ನ ಬಗ್ಗೆ ಅಂಥ ಒಂದು ಮಾತು ಅವರ ಬಾಯಲ್ಲಿ ಬಂದಿದ್ದರೆ ಕೇಳಿ.

ಬೆಳಿಗ್ಗೆ ಎದ್ದರೆ ಅವರ ಕೈ ಮೊದಲು ಹೋಗುವುದು ವಾಚಿಗೇ. ನಿಧಾನಕ್ಕೆ ಕೀ ಕೊಟ್ಟು, ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೂರುತ್ತಾರೆ. ಆಗ ನಾನು ಏನು ಹೇಳಿದರೂ ಕೇಳಿಸುವುದಿಲ್ಲ. ಕಾಫಿ ಆರಿಹೋಗುತ್ತದೆ. "ನನ್ನ ಸವತಿ ಎದ್ಲೇನ್ರಿ?" ಎಂದು ಕೇಳಿದರೆ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಎಷ್ಟೋ ಸಲ ಅದನ್ನು ರುಬ್ಬುವ ಕಲ್ಲಿಗೆ ಹಾಕಿ ಅರೆದುಬಿಡಲೇ ಅನ್ನಿಸಿದ್ದುಂಟು.

ಶ್ರಾವಣದಲ್ಲಿ ನನಗೆ ತಡೆಯಲಾರದ ಹೊಟ್ಟೆನೋವು ಬಂತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲು, ಆಪರೇಷನ್ ಮಾಡಲೇಬೇಕು ಎಂದರು. ಒಳಗೆ ಕರೆದೊಯ್ಯುವಾಗ ನೋಡಿದರೆ ಅವರ ಕೈಯಲ್ಲಿ ಅದೇ ಬಿಳಿ ಮುಖದ ವಾಚು. ನಾನು ಹೋದರೂ ಇವಳು ಇರುತ್ತಾಳಲ್ಲ ಅನ್ನಿಸಿ ಅಳು ಬಂತು. ಹೆದರಿದ್ದೇನೆ ಅಂದುಕೊಂಡು ಅವರು ತಲೆ ಸವರಿದರು.

ಆಪರೇಷನ್ ಆದ ಮರುದಿನ ನರ್ಸ್ ನನ್ನ ಜ್ವರ ನೋಡಿ, ಬರೆದುಕೊಳ್ಳಲು "ಟೈಮೆಷ್ಟು ಸಾರ್?" ಎಂದು ಕೇಳಿದರು. ಇವರು ಕೈ ನೋಡಿ, "ಏಳೂವರೆ" ಅಂದರು.

"ಮಧ್ಯಾಹ್ನದ ಊಟದ ಹೊತ್ತಾತಲ್ರಿ" ಎಂದು ನರ್ಸ್ ನಕ್ಕರು.

ಇವರು ವಾಚನ್ನು ಕಿವಿಗೆ ಹಿಡಿದರು. ನಿಂತುಹೋಗಿತ್ತು.

"ಕೆಟ್ಟೋತಾ?" ಎಂದೆ, ಒಳಗೊಳಗೇ ಖುಷಿಪಟ್ಟು.

"ಇಲ್ಲ. ಇಲ್ಲಿಗೆ ಬಂದಾಗಿಂದ ಕೀ ಕೊಡಾದೇ ಮರ್ತೋಗೈತೆ" ಎಂದರು. ಆಗಲೂ ಕೀ ಕೊಡಲಿಲ್ಲ. ಬಿಚ್ಚಿ ಜೇಬಿಗೆ ಹಾಕಿಕೊಂಡು, ನನಗೆ ಎಳನೀರು ಕುಡಿಸಲು ಕೂತರು. ನಾನು ಮುಖ ಗೋಡೆ ಕಡೆ ತಿರುಗಿಸಿಕೊಂಡೆ. ಅಷ್ಟು ಸಂತೋಷ ಅವರಿಗೆ ಕಾಣಬಾರದಿತ್ತು.

ಸಂಜೆ ಅಕ್ಕ, ಭಾವ ನೋಡಲು ಬಂದರು. ಇವರ ಬರಿಗೈ ನೋಡಿ ಅಕ್ಕ, "ಕೊನೆಗೂ ಬಿಚ್ಚಿಸ್ದೇನೇ?" ಎಂದು ಪಿಸುಗುಟ್ಟಿದಳು. ನಾನು ನಡೆದದ್ದನ್ನು ಹೇಳಿದೆ. ಅಕ್ಕ ಭಾವನ ಕೈಯ ಬಂಗಾರದ ವಾಚನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇದು ಸೆಲ್ಲಿಂದು ಕಣೇ" ಎಂದಳು. "ನಾನು ಹಿಂಗೆ ಆಸ್ಪತ್ರೇಲಿ ಮಲಗಿದ್ರೂ ನಡೀತಾನೇ ಇರ್ತೈತೆ."

ಈಗಲೂ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಾಫಿ ಆರುತ್ತದೆ, ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಅವರು ಎಂದಾದರೂ ಮರೆತು ಅಂಗಡಿಗೆ ಹೊರಟರೆ ನಾನೇ ಹಿಂದೆ ಹೋಗಿ, "ನನ್ನ ಸವತಿಗೆ ಕೀ ಕೊಟ್ರೇನ್ರಿ?" ಎಂದು ಕೇಳುತ್ತೇನೆ. ಅವಳು ನಡೆಯುತ್ತಿದ್ದಾಳೆ ಅಂದರೆ ನಾನು ಚೆನ್ನಾಗಿದ್ದೇನೆ ಎಂದೇ ಲೆಕ್ಕ.