ಅವ್ವನ ಒಲೆಯ ಮೇಲೆ ಕುದಿದ ಅಲ್ಯೂಮಿನಿಯಂ

ನಾರಾಯಣಖೇಡದ ನಮ್ಮ ಮನೆಗೆ ಅಲ್ಯೂಮಿನಿಯಂ ಕಿಟಕಿ ಕೂರಿಸಲು ಬಂದವನು ಎರಡು ಟ್ಯೂಬಿನ ಅಂಟನ್ನು ರಟ್ಟಿನ ಮೇಲೆ ಹಿಂಡಿ ಕಲಸಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಜಹೀರಾಬಾದಿನ ಅವ್ವನ ಅಡುಗೆಮನೆ ಕಣ್ಣೆದುರು ಬಂತು. ಅಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ನಮ್ಮ ಕೆಮಿಸ್ಟ್ರಿ ಮೇಡಂ...

ಮೇಡಂ ಕರಾವಳಿ ಆಂಧ್ರದವರು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ನಾನು ಓದುತ್ತಿದ್ದ ಕಾಲೇಜಿನಲ್ಲೇ ಪಾಠ ಹೇಳುತ್ತಿದ್ದರು. ಅವ್ವನಿಂದ ಕಲಿತ ಹರಕು ಕನ್ನಡ ಅವರದು. ತೆಲಂಗಾಣ ಹೋರಾಟ ಜೋರಾಗಿದ್ದ ಕಾಲ. ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಅರ್ಧಕ್ಕೆ ಬಂದಾಗ ಕಾಲೇಜಿಗೆ ಬೀಗ ಬಿತ್ತು. ಒಂದು ವರ್ಷವೇ ಹೋಯಿತೆಂದು ನಾನು ಅಳುತ್ತ ಕೂತರೆ ಮೇಡಂ ಕೇಳಿದ್ದು ಇಷ್ಟೇ: "ಮನ್ಯಾಗ ಒಲಿ ಅದ ಅಲ್ಲಾ?"

ಅಲ್ಯೂಮಿನಿಯಂಗೆ ಅಂಟು ಹೇಗೆ ಹಿಡಿಯುತ್ತದೆ ಎಂಬುದು ನನ್ನ ವಿಷಯ. ಗಾಳಿ ತಾಗಿದ ಕೂಡಲೇ ಆ ಲೋಹದ ಮೈಮೇಲೆ ಆಕ್ಸೈಡಿನ ತೆಳು ಪದರ ಕೂರುತ್ತದೆ. ಅಂಟು ಹಿಡಿಯುವುದು ಲೋಹವನ್ನಲ್ಲ, ಆ ಪದರವನ್ನು. ಶುದ್ಧ ನೀರಲ್ಲಿ ಕುದಿಸಿದರೆ ಪದರ ದಪ್ಪವಾಗಿ, ಅದರ ಮೇಲೆ ಆಮ್ಲಜನಕ-ಜಲಜನಕದ ಜೋಡಿಗಳು ಒತ್ತಾಗಿ ಹುಟ್ಟುತ್ತವೆ. ಆಮೇಲೆ ಸಿಲೇನ್ ಎಂಬ ದ್ರವ ಸವರಬೇಕು. ಅದರ ಅಣುವಿನ ಒಂದು ತುದಿ ಆಕ್ಸೈಡಿಗೆ, ಇನ್ನೊಂದು ತುದಿ ಅಂಟಿನ ಪಾಲಿಮರಿಗೆ ಬೆಸೆದುಕೊಳ್ಳುತ್ತದೆ. ಮೇಡಂ ಹೇಳುವುದನ್ನು ಅವ್ವ ರೊಟ್ಟಿ ತಟ್ಟುತ್ತಲೇ ಕೇಳುತ್ತಿದ್ದಳು.

"ಅಂದ್ರ ಸಂಬಂಧ ಕುದುರಿಸಾಕಿ ಇದ್ದಂಗ. ಎರಡೂ ಮನೀ ಕಡಿ ಮಾತಾಡ್ತದ."

ಮೇಡಂ ನಕ್ಕು ನಕ್ಕು ಕೆಮ್ಮಿದರು.

ಮೊದಲ ಸಲ ಅಂಟು ಹಚ್ಚಿ ಜೋಡಿಸಿದ ಅಲ್ಯೂಮಿನಿಯಂ ಪಟ್ಟಿಗಳು, ಪರೀಕ್ಷೆಗೆಂದು ನೀರಲ್ಲಿ ನೆನೆಸಿದ ಮರುದಿನವೇ ಬಿಟ್ಟುಕೊಂಡವು. ಕಾರಣ ಅವ್ವ! ಕುದಿಸಿ ತೆಗೆದ ಪಟ್ಟಿಗಳು ಒದ್ದೆಯಿವೆಯೆಂದು, ಒಗ್ಗರಣೆ ಹಾಕಿದ ಕೈ ಒರೆಸಿದ್ದ ಸೆರಗಲ್ಲೇ ಅವನ್ನೂ ಒರೆಸಿಟ್ಟಿದ್ದಳು. ನಡುವೆ ಎಣ್ಣೆಯ ಜಿಡ್ಡು ಕೂತರೆ ಸಿಲೇನ್ ಆಕ್ಸೈಡನ್ನು ಮುಟ್ಟುವುದಾದರೂ ಹೇಗೆ?

"ಅಮ್ಮಾ, ನೀವು ರೊಟ್ಟಿ ಮಾಡ್ರಿ, ಇದು ಮುಟ್ಟಬ್ಯಾಡ್ರಿ," ಎಂದು ಮೇಡಂ ಕೈಮುಗಿದರು. ಮತ್ತೆ ಮೊದಲಿನಿಂದ ಶುರು.

ಆ ಎರಡನೇ ಕಂತಿನ ಪಟ್ಟಿಗಳು ನೀರಲ್ಲಿದ್ದಾಗ, ಒಂದು ಬಂದ್ ದಿನ ನಾಲ್ಕೈದು ಹುಡುಗರು ಝಂಡಾ ಹಿಡಿದು ಬಾಗಿಲಿಗೆ ಬಂದರು. "ಕಾಕೂ, ಆ ಆಂಧ್ರದಾಕಿಗಿ ಮನಿ ಖಾಲಿ ಮಾಡಂತ ಹೇಳ್ರಿ."

ಅವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಅಡ್ಡ ನಿಂತಳು. "ತೆಲಂಗಾಣ ನಿಮಗಷ್ಟೇ ಅಲ್ಲ, ನಮಗೂ ಬೇಕು. ಹಂಗಂತ ನಮ್ಮ ಮನ್ಯಾಗ ಉಂಡಾಕಿಗಿ ಹೊರಗ ಹಾಕ್ಲಿ? ನಾ ಹಾಕಂಗಿಲ್ಲ."

ಮೇಡಂ ಹೊರಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ಗುಂಪಿನ ಹಿಂದೆ ಮರೆಯಾಗಿ ನಿಂತಿದ್ದ ಒಬ್ಬನನ್ನು ಗುರುತು ಹಿಡಿದರು.

"ನೀನೂ ಬಂದಿ? ನನ್ನ ಕ್ಲಾಸಿನಾಗ ಇದ್ದಿ ಅಲ್ಲಾ... ಒಳಗ ಬಾ. ಈ ಪಟ್ಟಿ ಎಳದು ನೋಡು."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅವನ ಹಿಂದೆ ಉಳಿದವರೂ ಬಂದರು. ಹೋಲಿಸಿ ನೋಡಲೆಂದು ಬರೀ ಅಂಟು ಹಚ್ಚಿಟ್ಟಿದ್ದ ಜೋಡಿ ಒಂದೇ ಎಳೆತಕ್ಕೆ ಕಿತ್ತು ಬಂತು. ಕುದಿಸಿ ಸಿಲೇನ್ ಸವರಿದ ಜೋಡಿಯನ್ನು ಇಬ್ಬರು ಹಿಡಿದು ಜಗ್ಗಿದರೂ ಬಿಡಲಿಲ್ಲ.

"ಬರಂಗಿಲ್ರಿ ಮೇಡಂ," ಎಂದು ಅವನು ತಲೆ ತಗ್ಗಿಸಿದ.

ಅವ್ವ ಎಲ್ಲರಿಗೂ ಚಹಾ ಕೊಟ್ಟಳು. ಮನೆ ಖಾಲಿ ಮಾಡಿಸುವ ಮಾತು ಮತ್ತೆ ಬರಲಿಲ್ಲ. ಆದರೆ ಆ ದಿನ ಮೇಡಂ ಊಟ ಮಾಡಲಿಲ್ಲ. ಒಲೆಯ ಹತ್ತಿರ ಅವ್ವನಿಗೆ ಆತುಕೊಂಡು ಕೂತಿದ್ದರು...

ನನ್ನ ಪ್ರಾಜೆಕ್ಟ್ ಪಾಸಾಯಿತು. ಮುಂದೆ ರಾಜ್ಯವೂ ಬಂತು. ಬೀದಿಯಲ್ಲಿ ಗುಲಾಲು ಎರಚಿ ಕುಣಿದೆವು. ಆ ದಿನ ಅವ್ವನ ಬಾಯಿಗೆ ಪೇಡೆ ಇಟ್ಟವರು ಮೇಡಂ. ಕೆಲವು ತಿಂಗಳಲ್ಲಿ ಅವರು ತಮ್ಮ ಕಡೆಯ ಕಾಲೇಜಿಗೆ ಹೊರಟುಹೋದರು. ನಾನೂ ಕೆಮಿಸ್ಟ್ರಿ ಪಾಠ ಹೇಳುವವಳಾದೆ. ಗೊತ್ತಾಗದ್ದನ್ನೆಲ್ಲ ಅವರಿಗೇ ಫೋನು ಮಾಡಿ ಕೇಳುತ್ತಿದ್ದೆ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರೆಂದು ಅವರ ತಂಗಿ ತಿಳಿಸಿದರು.

ಈ ವಾರ ಕ್ಲಾಸಿನಲ್ಲಿ ಸಿಲೇನಿನ ಪಾಠ ಮಾಡುತ್ತಿದ್ದಾಗ, ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ನೀರಾಗ ಎಷ್ಟು ವರ್ಷ ಇದ್ರ ಆ ಬಂಧ ಬಿಡ್ತದ್ರಿ ಮೇಡಂ?"

ನನಗೆ ಗೊತ್ತಿರಲಿಲ್ಲ. "ಕೇಳಿ ಹೇಳ್ತೀನವಾ," ಎಂದುಬಿಟ್ಟೆ. ಸ್ಟಾಫ್ ರೂಮಿಗೆ ಬಂದು ಫೋನು ಕೈಗೆತ್ತಿಕೊಂಡ ಮೇಲೆಯೇ ಹೊಳೆದದ್ದು, ಕೇಳಲು ಆ ಕಡೆ ಯಾರೂ ಇಲ್ಲ.